ಐಸಿನಲ್ಲಿಟ್ಟು ಒಯ್ದ ಡಬ್ಬಿ

ನನಗೆ ಎಲ್ಲ ಗೊತ್ತು ಎಂಬ ಸೊಕ್ಕು ಮೊದಲಿನಿಂದಲೂ ಇದೆ. (ಮೇಷ್ಟ್ರುಗಳ ಹುಟ್ಟುರೋಗ.) ಹೋದ ತಿಂಗಳು ಆ ಸೊಕ್ಕೇ ಒಂದು ಮನೆ ಹಾಳು ಮಾಡಿತು.

ಔರಾದಿನ ನಮ್ಮ ಕಾಕಾನ ಮಗ ರಾಜಕುಮಾರನಿಗೆ (ಹೆಸರು ಬದಲಿಸಿದ್ದೇನೆ) ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಮಳೆ ಕೈಕೊಟ್ಟ ಮೇಲೆ ಅವನು ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ, ಹೆಂಡತಿ ಸವಿತಾ ಊರಲ್ಲಿ. ಗಂಡ ಅಲ್ಲಿ, ಹೆಂಡತಿ ಇಲ್ಲಿ ಇದ್ದರೆ ಮಕ್ಕಳು ಎಲ್ಲಿಂದ? ಕೊನೆಗೆ ಅವಳ ಬಂಗಾರ ಮಾರಿ, ಬೀದರಿನ ಆಸ್ಪತ್ರೆಯೊಂದರಲ್ಲಿ ಟೆಸ್ಟ್‌ಟ್ಯೂಬ್ ಬೇಬಿ ಮಾಡಿಸಲು ಹೊರಟರು. ಇನ್ನೊಂದು ಸಲಕ್ಕೆ ಮಾರಲು ಏನೂ ಉಳಿದಿರಲಿಲ್ಲ.

ಅವತ್ತು ಸವಿತಾಳ ಅಂಡಾಣು ತೆಗೆಯುವುದಿತ್ತು. ಇವನ ವೀರ್ಯ ಬೇಕು. ಆಸ್ಪತ್ರೆಯ ಬಾತ್‌ರೂಮಿನಲ್ಲಿ ತನ್ನಿಂದಾಗದು ಎಂದು ಅವನು ಮೊದಲೇ ಹೇಳಿದ್ದ. ಮನೆಯಿಂದಲೇ ತನ್ನಿ, ಗಂಟೆಯೊಳಗೆ ಮುಟ್ಟಿಸಿ ಎಂದು ಡಬ್ಬಿ ಕೊಟ್ಟಿದ್ದರು. ಜೊತೆಗೊಂದು ಇಂಗ್ಲಿಷ್ ಚೀಟಿ. ಬೀದರಿಗೆ ಗಂಟೆಯೊಳಗಿನ ದಾರಿ ಎಂದು ಹಿಂದಿನ ರಾತ್ರಿಯೇ ಭಾಲ್ಕಿಯ ನನ್ನ ಮನೆಗೆ ಬಂದು ಉಳಿದ. ಚೀಟಿ ನನ್ನ ಕೈಗೆ ಕೊಟ್ಟ. ನಾನು ಓದದೆ ಜೇಬಿಗೆ ಹಾಕಿಕೊಂಡೆ.

"ಅಣ್ಣಾ, ಈ ಬಿಸಲಾಗ ಕೆಡ್ತದೇನು?"

"ನಾ ಇದ್ದೀನಲ್ಲೊ," ಎಂದೆ. ವರ್ಷಗಟ್ಟಲೆ ಪೋಲಿಯೊ ಡ್ಯೂಟಿ ಮಾಡಿದವನು ನಾನು. ಲಸಿಕೆ ಒಯ್ಯುವಂಥದ್ದೇ ಪೆಟ್ಟಿಗೆಗೆ ಐಸ್ ತುಂಬಿ, ನಡುವೆ ಡಬ್ಬಿ ಇಟ್ಟೆ. ಅವನು ಬೈಕ್ ಓಡಿಸಿದ. ನಾನು ಹಿಂದೆ, ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಅವನು ಬೈಕ್ ನಿಲ್ಲಿಸಲು ಹೋದಾಗ ಡಬ್ಬಿ ಒರೆಸಿ ಲ್ಯಾಬಿಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ, ಅವನು ಸವಿತಾಳ ಹತ್ತಿರ ಹೋಗಿದ್ದಾಗ, ಲ್ಯಾಬಿನ ಹೆಣ್ಣುಮಗಳು ಹೊರಗೆ ಬಂದಳು.

"ಒಂದೂ ಮಿಸುಕಾಡವಲ್ದರಿ ಸರ್. ಓಡಾಡೋದ್ರಾಗ ಛಲೋದು ನೋಡಿ ಆರಿಸ್ತೀವಿ, ಇಲ್ಲಿ ಏನ್ ಆರಿಸ್ಲಿ? ಥಂಡ್ಯಾಗ ಇಟ್ಟಿದ್ರೇನ್ರಿ? ಮೈ ಬಿಸಿಯಷ್ಟು ಬೆಚ್ಚಗ ತರಬೇಕಿತ್ತರಿ."

"ಇಲ್ಲರಿ," ಎಂದುಬಿಟ್ಟೆ.

ಇನ್ನೊಮ್ಮೆ ಕೊಡಲು ಹೋದ ರಾಜಕುಮಾರ ಖಾಲಿ ಡಬ್ಬಿ ಹಿಡಿದು ಹೊರಬಂದ. ಸಂಜೆಯವರೆಗೆ ಮೈಕ್ರೊಸ್ಕೋಪಿನಲ್ಲಿ ಹುಡುಕಿ, ಜೀವ ಇದ್ದಂತೆ ಕಂಡ ಎರಡನ್ನು ಆಕೆ ಸೂಜಿಯಿಂದ ಅಂಡಾಣುಗಳಿಗೆ ಸೇರಿಸಿದಳು. ಮರುದಿನ ಕರೆದು ಹೇಳಿದರು. ಎರಡೂ ಫಲಿಸಿರಲಿಲ್ಲ.

"ನನ್ನೊಳಗೇ ಜೀವ ಇಲ್ಲ ಸವಿತಾ. ನೀ ಬ್ಯಾರೆ ಮದಿವಿ ಮಾಡ್ಕೊ," ಎಂದ. ಅವಳು ಅವನ ಕೈ ಬಿಡದೆ ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ? ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಇರಬಹುದು. ತಿಳಿದೂ ಸುಮ್ಮನಿದ್ದದ್ದಕ್ಕೆ?

ಅವನು ಹೈದರಾಬಾದಿಗೆ ಹೋದ. ನನಗೆ ನಿದ್ದೆ ಇಲ್ಲ, ಅದಕ್ಕೇ ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ.

ಸವಿತಾಳಿಗೆ ಓದಲು ಬರುವುದಿಲ್ಲ, ಅವನಿರುವಲ್ಲಿ ಈ ಪೇಪರ್ ಸಿಗುವುದಿಲ್ಲ, ಹಾಗಿಲ್ಲದಿದ್ದರೆ ಬರೆಯುತ್ತಿದ್ದೆನೇ?