ಕೆಂಚನ ಮೈಯಲ್ಲಿ ಸೀಗೇಕಾಯಿ ವಾಸನೆ

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷದ ಬೇಸಿಗೆ. ನಾನಾಗ ಮದ್ದೂರು ತಾಲ್ಲೂಕಿನಲ್ಲಿ, ಆತಗೂರು ಕಡೆಯ ಪಶು ಚಿಕಿತ್ಸಾಲಯದ ವೈದ್ಯ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬಿಸಿಲು ಏರಿದರೆ ನಮ್ಮ ಕಡೆ ನಾಯಿಗಳ ಮೈಮೇಲೆ ಉಣ್ಣೆಗಳ ಸಂತೆ. ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ಜ್ವರವನ್ನೂ ಅಂಟಿಸುತ್ತದೆ. ಆ ತಿಂಗಳು ಬಂದ ನಾಯಿಗಳಲ್ಲಿ ಹೆಚ್ಚಿನವು ಅದರದೇ ಗಿರಾಕಿಗಳು.

ಒಂದು ಬೆಳಿಗ್ಗೆ ಶಿವಣ್ಣ ಫೋನ್ ಮಾಡಿದ. ರೇಷ್ಮೆ ಬೆಳೆಯುವ ರೈತ, ಹಸುಗಳ ಕಾರಣಕ್ಕೆ ನನಗೆ ಹಳೆಯ ಪರಿಚಯ.

“ಸಾ, ನಮ್ ನಾಯಿ ಕೆಂಚಂಗೆ ಉಚ್ಚು ಇಡ್ದದೆ ಕಣ್ ಸಾ. ಜೊಲ್ಲು ಸುರೀತಾ ಅದೆ, ತೂರಾಡ್ತದೆ. ಒಡ್ದಾಕ್ಬುಡು ಅಂತಾವ್ರೆ ಎಲ್ರೂವೆ.”

“ಯಾರೂ ಮುಟ್ಟಬೇಡಿ, ಹೊಡೆಯಲೂ ಬೇಡಿ. ಬಂದೆ” ಎಂದೆ. ಹಿಂದಿನ ದಿನ ಹಸುವಿನ ಹಗ್ಗ ಎಳೆದು ನನ್ನ ಹೆಬ್ಬೆರಳು ಸೀಳಿತ್ತು; ಹುಚ್ಚುನಾಯಿಯ ಜೊಲ್ಲು ತಾಗಲು ಆ ಗಾಯವೇ ಸಾಕು. ಹೆದರಿದವನ ಮೇಲೆ ಹಾವು ಎಸೆದಂತೆ ಈ ಕರೆ. ನಾನು ಲಸಿಕೆ ಹಾಕಿಸಿಕೊಂಡಿದ್ದೆ ನಿಜ. ಆದರೂ ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಿಗಾಗಲಿ ನಾಯಿಗಾಗಲಿ ಮದ್ದಿಲ್ಲ ಎಂದು ಊರೂರು ಸಾರಿದವನೇ ನಾನು. ದಾರಿಯುದ್ದಕ್ಕೂ ಆ ಮಾತು ನನ್ನನ್ನೇ ಹೆದರಿಸುತ್ತಿತ್ತು.

ಹೋದಾಗ ಏಳೆಂಟು ಜನ ದೊಣ್ಣೆ ಹಿಡಿದು ನಿಂತಿದ್ದರು. ಕೆಂಚ ನೀರಿನ ತೊಟ್ಟಿಯ ಪಕ್ಕ ಕುಸಿದಿದ್ದ. ಬಾಯಿಂದ ಲೋಳೆಯಂಥ ಜೊಲ್ಲು, ಮೈತುಂಬ ನಡುಕ, ಉಸಿರು ಗೊರಗೊರ. ಆ ವರ್ಷದ ಲಸಿಕೆ ಶಿಬಿರಕ್ಕೆ ಅವನನ್ನು ಕರೆತಂದಿರಲಿಲ್ಲ.

“ಉಣ್ಣೆಗೆ ಏನಾದರೂ ಔಷಧಿ ಹಾಕಿದ್ರಾ?” ಎಂದೆ.

ಶಿವಣ್ಣನ ಹೆಂಡತಿ ಸವಿತಾ ಮುಖ ಗಂಟಿಕ್ಕಿದಳು. “ಉಳ ಅಣ್ಣಾಯ್ತಾ ಅವೆ ಸಾ. ಈ ಟೇಮಲ್ಲಿ ಸೊಳ್ಳೆಬತ್ತೀನೂ ಅಚ್ಚಾಕಿಲ್ಲ ನಾವು. ಇಸ ತತ್ತೀವಾ ಮನೆಗೆ?”

ಆಕೆ ಹೇಳಿದ್ದು ಸರಿಯೇ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಕೀಟನಾಶಕದ ಗಾಳಿ ಸೋಕಿದರೂ ಸಾಕು, ಇಡೀ ಬೆಳೆ ನೆಲಕಚ್ಚುತ್ತದೆ. ಹುಳು ಸಾಕುವ ಮನೆಗೆ ವಿಷ ಬರುವುದಿಲ್ಲ. ವಿಷವಲ್ಲ ಎಂದಮೇಲೆ ಉಳಿದದ್ದು ರೇಬೀಸ್. ಜನರ ಲೆಕ್ಕ ಅದು. ಒಂದು ಗಳಿಗೆ ನನ್ನದೂ ಅದೇ ಆಗಿತ್ತು.

ಎರಡೆರಡು ಗ್ಲೌಸ್ ಹಾಕಿಕೊಂಡು ಬಗ್ಗಿದೆ. ಕಣ್ಣಿನ ಪಾಪೆ ರಾಗಿ ಕಾಳಿನಷ್ಟು ಕಿರಿದಾಗಿತ್ತು. ಬೆಳೆಗೆ ಹೊಡೆಯುವ ಕೆಲವು ಕೀಟನಾಶಕಗಳು ಮೈಗೆ ಇಳಿದರೆ ಪಾಪೆ ಹೀಗೆ ಕುಗ್ಗುತ್ತದೆ. ಅದರ ಜೊತೆಗೇ ಇನ್ನೊಂದು ಮೂಗಿಗೆ ಬಡಿಯಿತು: ಸೀಗೇಕಾಯಿ ವಾಸನೆ.

“ಇವನಿಗೆ ಸ್ನಾನ ಮಾಡಿಸಿದ್ದು ಯಾರು?”

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಶಿವಣ್ಣನ ತಾಯಿ ಪುಟ್ಟಮ್ಮ ಹುಳುಮನೆಯ ಬಾಗಿಲು ನೋಡಿ ತಲೆ ತಗ್ಗಿಸಿದರು. ನಾನು ಜನರನ್ನು ದೂರ ಕಳಿಸಿ ಅವರ ಪಕ್ಕ ಹೋಗಿ ಕೂತೆ.

“ಅವ್ವಾ, ಬಯ್ಯೋಕೆ ಕೇಳ್ತಿಲ್ಲ. ನೀವು ಹೇಳಿದ್ರೆ ಇವನು ಉಳೀಬಹುದು.”

ಪುಟ್ಟಮ್ಮ ದನಿ ತಗ್ಗಿಸಿದರು. “ಕಿವಿ ತುಂಬ ಉಣ್ಣೆ ಕಣಪ್ಪ. ಕೆರ್ಕಂಡು ಕೆರ್ಕಂಡು ರಕ್ತ ಬತ್ತಿತ್ತು, ನೋಡಕಾಗ್ನಿಲ್ಲ. ನಮ್ ತಮ್ಮನ್ ಟಮೋಟೊ ತ್ವಾಟಕ್ಕೆ ಕರ್ಕಂಡೋಗಿ ಅಲ್ಲೇ ಪಂಪಲ್ಲಿ ಗಿಡುದ್ ಔಸ್ದಿ ಒಡ್ಸುಬುಟ್ಟೆ. ಉಳುಕ್ಕೆ ವಾಸ್ನೆ ತಾಕ್ಬಾರ್ದು ಅಂತ ಸೀಗೇಪುಡಿ ಆಕಿ ತಿಕ್ಕಿ ಕರ್ಕಬಂದೆ. ಸೊಸೆಗ್ ಏಳ್ಬ್ಯಾಡಪ್ಪ.”

ಮುಂದಿನದು ಓಡಾಟ. ಇಂಥ ವಿಷಕ್ಕೆ ಅಟ್ರೋಪಿನ್ ಎಂಬ ಇಂಜೆಕ್ಷನ್ ಇದೆ. ಜೊಲ್ಲು ಒಣಗಿಸಿ ಉಸಿರಿಗೆ ದಾರಿ ಬಿಡಿಸುತ್ತದೆ. ಕೊಟ್ಟು ಕಾದೆ. ಏನೂ ಆಗಲಿಲ್ಲ. ಮತ್ತೆ ಕೊಟ್ಟೆ. ನನ್ನ ಊಹೆ ತಪ್ಪಾಗಿದ್ದರೆ? ಆ ಬಾಯಿಯ ಹತ್ತಿರವೇ ಇತ್ತು ನನ್ನ ಸೀಳಿದ ಬೆರಳು. ಅಷ್ಟರಲ್ಲಿ ಕೆಂಚನ ಒಸಡು ನಿಧಾನಕ್ಕೆ ಒಣಗತೊಡಗಿತು, ಗೊರಗೊರ ಇಳಿಯಿತು. ಅವನ ಜೊತೆ ನಾನೂ ಸಲೀಸಾಗಿ ಉಸಿರಾಡಿದೆ.

ಆದರೆ ಪುಟ್ಟಮ್ಮನ ಮಾತು ಉಳಿಸಲು ನನ್ನಿಂದ ಆಗಲಿಲ್ಲ. ರೋಮದಲ್ಲಿ ಇನ್ನೂ ವಿಷವಿತ್ತು. ನಾಯಿಯನ್ನು ಹುಳುಮನೆಯಿಂದ ದೂರ ಒಯ್ದು ಮತ್ತೆ ತೊಳೆಯಬೇಕು, ಆಕೆಯ ಸೀರೆಯೂ ಬದಲಾಗಬೇಕು. ಸವಿತಾಳನ್ನು ಕರೆದು ಇದ್ದದ್ದನ್ನು ಹೇಳಿದೆ. ಆಕೆಯ ಮುಖ ಬಿಳಿಚಿಕೊಂಡಿತು.

“ಅತ್ತೆ, ಒಳಿಕ್ ಓಗಿದ್ರಾ?”

“ಇಲ್ಲ ಕಣಮ್ಮ. ಬಂದಾಗಿಂದ ಇಲ್ಲೇ ಕುಂತಿವ್ನಿ.”

“ಅದ್ಕೇನಾ, ಉಳುಕ್ಕೆ ಸೊಪ್ಪಾಕಕ್ ಬನ್ನಿ ಅಂದ್ರೆ ಮಂಡಿನೋವು ಅಂದಿದ್ದು? ಬಾಯಿಗ್ ಬಂದಂಗ್ ಅಂದ್ಬುಟ್ನಲ್ಲ ನಾನು.”

“ಅನ್ನುಸ್ಕಂಡ್ರೆ ಅನ್ನುಸ್ಕಂಡೆ. ಉಳ ಉಳೀಬೇಕಲ್ಲವ್ವ.”

ಸವಿತಾ ಒಳಗೆ ಹೋಗಿ ತನ್ನದೇ ಸೀರೆಯೊಂದನ್ನು ತಂದು ಅತ್ತೆಯ ಕೈಗೆ ಸಿಗುವಂತೆ ಜಗಲಿಯ ಮೇಲಿಟ್ಟಳು. ಶಿವಣ್ಣ ದೊಣ್ಣೆ ಬಿಸಾಡಿ, ನಾನು ಕೊಟ್ಟ ಗ್ಲೌಸ್ ಹಾಕಿಕೊಂಡು ನಾಯಿ ತೊಳೆಯಲು ಬಂದ. ಕೆಂಚನ ನಡುಕ ನಿಲ್ಲುವಾಗ ಸಂಜೆಯಾಗಿತ್ತು. ಹುಳುಗಳೂ ಸುಖವಾಗಿ ಗೂಡು ಕಟ್ಟಿದವು.

ಬೆಳೆಯ ಔಷಧಿ ಬೆಳೆಗೆ. ನಾಯಿಯ ಉಣ್ಣೆಗೆ ಅದರ ತೂಕ ನೋಡಿ ಕೊಡುವ ಔಷಧಿ ಬೇರೆಯೇ ಇದೆ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಬಿದ್ದಿದೆ. ಆದರೆ ಆ ದಿನ ನಾನು ಕಲಿತದ್ದು ಬೇರೆ. ಹುಚ್ಚಿಗೆ ಹೆದರಿದವರು ದೊಣ್ಣೆ ಎತ್ತಿದರು, ಬೈಗುಳಕ್ಕೆ ಹೆದರಿದವರು ಬಾಯಿ ಮುಚ್ಚಿದರು. ಇಬ್ಬರ ನಡುವೆ ಒಂದು ಜೀವ ಹೋಗುವುದರಲ್ಲಿತ್ತು. ಆಮೇಲೆ ಯಾವ ಮನೆಗೆ ಹೋದರೂ “ಏನು ಹಾಕಿದ್ರಿ?” ಎಂದು ನಾನು ಮೊದಲು ಕೇಳಿದ್ದಿಲ್ಲ. “ಇದು ಒದ್ದಾಡೋದನ್ನ ನೋಡಕ್ಕಾಗದೆ ಇದ್ದೋರು ಯಾರು?” ಎಂದು ಕೇಳುತ್ತಿದ್ದೆ.