ನೊರೆ ನಂಬದ ನೀರಕ್ಕ

ಬಿರುಕುಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿಗೆ ಅಮ್ಮ ಕಾದ ಸೌಟು ಒತ್ತಿ ತೇಪೆ ಹಾಕುವಾಗ ಏಳುತ್ತಿದ್ದ ಕಮಟು ವಾಸನೆ ನೀರಕ್ಕನ ಮೂಗಿನಲ್ಲಿ ಐವತ್ತು ವರ್ಷದಿಂದ ಹಾಗೇ ಕೂತಿದೆ. ಅವರ ಅನ್ನ ಹುಟ್ಟುತ್ತಿರುವುದೂ ಅದೇ ಮೂಗಿನಿಂದ.

ಬೆಳಗಿನ ಆರು ಗಂಟೆ. ತಗಡಿನ ಸೂರಿನ ವರ್ಕ್‌ಶಾಪು. ಚೌಕಟ್ಟಿಗೆ ಬಿಗಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಂಡುತಲೆಯ ಉಕ್ಕಿನ ಕಡ್ಡಿಯೊಂದು ಒತ್ತಿ ಒತ್ತಿ ಸುತ್ತುತ್ತಿದೆ. ಒಂದೊಂದು ಸುತ್ತಿಗೂ ಅರ್ಧ ಮಿಲಿಮೀಟರಿನಷ್ಟು ಇಳಿಯುತ್ತ, ಅಚ್ಚಿನ ಹಂಗಿಲ್ಲದೆ ಅದು ಮುಖವೊಂದನ್ನು ಮೂಡಿಸಬೇಕು. ಸುಟ್ಟಗಾಯ ಮಾಯುತ್ತಿರುವ ಹೆಂಗಸೊಬ್ಬರ ಚರ್ಮ ಗಂಟುಗಟ್ಟದಂತೆ ಒತ್ತಿ ಹಿಡಿಯುವ ಮುಖವಾಡ ಇದು. ಮಧ್ಯಾಹ್ನ ಆಕೆ ಬರುತ್ತಾರೆ. ನಿನ್ನೆಯ ಹಾಳೆ ಮೂಗಿನ ತಿರುವಿನಲ್ಲಿ ಹರಿದುಹೋಯಿತು. ಉಳಿದಿರುವುದು ಇದೊಂದೇ. ಹೊಸದು ಬರಲು ಮೂರು ವಾರ ಬೇಕು. ಅಷ್ಟು ದಿನ ಚರ್ಮ ಕಾಯುವುದಿಲ್ಲ.

ಕಡ್ಡಿ ಉಜ್ಜಿದಲ್ಲಿ ಕಾವೇಳುತ್ತದೆ. ಕಾವು ಹೆಚ್ಚಿದರೆ ಹಾಳೆ ಮೆತ್ತಗಾಗಿ ಕಡ್ಡಿಗೆ ಅಂಟುತ್ತದೆ. ತೀರಾ ತಣ್ಣಗಾದರೆ ಬಾಗಲೊಲ್ಲದೆ ಸೀಳುತ್ತದೆ. ಸೋಪುನೀರು ಹನಿಸಿ ನಡುವಿನ ಹದ ಕಾಯುವುದು ನೀರಕ್ಕನ ಕೆಲಸ. ಹದಿನಾಲ್ಕು ವರ್ಷದಿಂದ ದಿನಕ್ಕೆ ಎರಡು ಬಕೆಟ್ ನೀರು, ಒಂಬತ್ತು ಗಂಟೆ ನಿಂತ ಕೆಲಸ. ಮಂಡಿ ಊದಿದೆ, ಬೆರಳ ತುದಿ ಸದಾ ಸುಕ್ಕು.

"ಏನ್ ತಿಂದ್ರೂ ಸೋಪಿನ ರುಚಿ ಕಣ್ರಿ," ಅನ್ನುತ್ತಾರೆ ಬಂದವರಿಗೆಲ್ಲ. "ಮೊದಲನೇ ವರ್ಷ ಬುದ್ಧಿ ಇಲ್ದೆ ಮಿಶಿನ್ ಎಣ್ಣೆ ಸವರಿದ್ದೆ. ಏನ್ ಜಾರ್ತು ಅಂತೀರಿ, ಬೆಣ್ಣೆ! ಬೆಳಗ್ಗೆ ನೋಡಿದ್ರೆ ಹಾಳೆ ತುಂಬ ಜೇಡರ ಬಲೆ ಥರ ಬಿರುಕು. ಈ ಪ್ಲಾಸ್ಟಿಕ್ಕಿಗೆ ಎಣ್ಣೆ ಕಂಡ್ರೆ ಆಗಲ್ಲ."

"ಅಕ್ಕ, ಹಾಳೆಗೆ ಸ್ನಾನ ಮಾಡಿಸ್ತಿದ್ದೀರೋ?" ಮೆಷಿನ್ನಿನ ಆಪರೇಟರ್ ಕೆಣಕುತ್ತಾನೆ. ನಲವತ್ತು ದಾಟಿದ, ಅವರ ತಮ್ಮನ ವಯಸ್ಸಿನವನು.

"ನಿನ್ ಮಿಶಿನ್ನಿಗೆ ಜ್ವರ ಕಣೋ. ಒದ್ದೆಬಟ್ಟೆ ಹಾಕ್ತಿದ್ದೀನಿ."

ಹತ್ತೂವರೆಗೆ ಕಡ್ಡಿ ಮೂಗಿನ ತಿರುವು ಹಿಡಿಯುತ್ತದೆ. ಅದು ಒತ್ತಿದ ಗುಂಡಿಯಲ್ಲಿ ಬೆಳ್ಳನೆ ನೊರೆ ತುಂಬಿದೆ. ಸಣ್ಣಗೆ ಕಮಟು ವಾಸನೆ ತಾಗಿ ನೀರಕ್ಕ ತಟ್ಟನೆ ತಲೆ ಎತ್ತುತ್ತಾರೆ.

"ನಿಲ್ಸೋ!"

"ಕಾವಿನ ಮೀಟರ್ ಸರಿಯಾಗೇ ತೋರಿಸ್ತಿದೆಯಲ್ಲಕ್ಕ."

"ಮೀಟರಿಗೆ ಮೂಗಿದೆಯೇನೋ? ನಿಲ್ಸು ಅಂದ್ರೆ!"

ಕಡ್ಡಿ ನಿಲ್ಲುತ್ತದೆ. ಬಟ್ಟೆಯಿಂದ ನೊರೆ ಒರೆಸಿದರೆ ಅಡಿಯಲ್ಲಿ ಒಂದು ಹನಿ ನೀರಿಲ್ಲ. ಹಾಳೆ ಒಣಗಿ ಬೆಚ್ಚಗಾಗಿದೆ. ಇನ್ನೆರಡು ಸುತ್ತು ಹೋಗಿದ್ದರೆ ಇದೂ ತೆಳ್ಳಗಾಗಿ ಹರಿಯುತ್ತಿತ್ತು.

ನೀರಕ್ಕ ಆ ಬಟ್ಟೆಯನ್ನು ಮಡಚಿಡುತ್ತಾರೆ. "ನಿನ್ನೆ ನೆಗಡಿ, ಮೂಗು ಕಟ್ಟಿತ್ತು. ನೊರೆ ನೋಡಿ ನೀರಿದೆ ಅಂದ್ಕೊಂಡೆ. ಆ ಹಾಳೆ ಹೋಗಿದ್ದು ನನ್ನಿಂದ," ಎಂದು ತಾವೇ ಹೇಳುತ್ತಾರೆ.

ಆಪರೇಟರ್ ವೇಗ ಅರ್ಧಕ್ಕಿಳಿಸಿ, ಬಕೆಟ್ಟನ್ನು ಅವರ ಕೈಗೆಟುಕುವಷ್ಟು ಹತ್ತಿರ ಸರಿಸುತ್ತಾನೆ. ನೀರಕ್ಕ ಸೋಪು ಕಡಿಮೆ ಮಾಡಿ ತಿಳಿನೀರು ಬೆರೆಸುತ್ತಾರೆ.

"ಕೂತ್ಕೊಳಿ ಅಕ್ಕ ಒಂದ್ಗಳಿಗೆ."

"ಮುಖವಾಡ ಆಕೆ ಮುಖದ ಮೇಲೆ ಸರಿಯಾಗಿ ಕೂತ್ಕೊಳ್ಲಿ. ಆಮೇಲೆ ನಾನೂ ಕೂತ್ಕೋತೀನಿ."

ಎರಡು ಗಂಟೆಗೆ ಆಕೆ ಬರುತ್ತಾರೆ. ಅಂಚು ನುಣುಪಾಗಿಸಿದ ಮುಖವಾಡವನ್ನು ಎರಡೂ ಕೈಯಿಂದ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಎಲ್ಲೂ ಸಂದಿಲ್ಲ, ಎಲ್ಲೂ ಚುಚ್ಚುವುದಿಲ್ಲ. ಬಿಗಿತಕ್ಕೆ ಕೆನ್ನೆ ಅಲುಗದೆ, ಆಕೆ ನಕ್ಕಿದ್ದು ಕಣ್ಣಿನಲ್ಲಷ್ಟೇ ಗೊತ್ತಾಗುತ್ತದೆ.

ನೀರಕ್ಕ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಆಪರೇಟರ್ ತನ್ನ ಊಟದ ಡಬ್ಬಿ ತೆರೆದು ಅವರ ಮಡಿಲಲ್ಲಿಡುತ್ತಾನೆ. ಸೋಪಿನ ಬೆರಳು ತಾಗದಿರಲೆಂದು, ಅದರಲ್ಲೊಂದು ಚಮಚ ಸಿಕ್ಕಿಸಿದ್ದಾನೆ.