ಏರಿನಲ್ಲಿ ಕೇಳುವ ಟೈಮಿಂಗ್

ಇಂದು ಬೆಳಿಗ್ಗೆ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಹಿರೇಕೆರೂರಿನ ನನ್ನ ಬಾಡಿಗೆ ಮನೆಯ ಮುಂದೆ ಒಂದು ಸಣ್ಣ ಏರು ಇದೆ. ಅದನ್ನು ಹತ್ತುತ್ತಿದ್ದ ಯಾವುದೋ ಟ್ಯಾಕ್ಸಿಯ ಎಂಜಿನ್ನಿನೊಳಗಿಂದ ಕಿಣಿಕಿಣಿ ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಕೆಂಪು ಪೆನ್ನು ತಾನಾಗಿ ನಿಂತಿತು. ‘ಟೈಮಿಂಗ್ ಮುಂದ ಐತಿ’ ಅಂದುಕೊಂಡೆ. ಇದನ್ನು ನಾನು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಕಲಿತೆನೆಂದು ತಿಳಿಯಬೇಡಿ. ಅಲ್ಲಿ ಭೌತಶಾಸ್ತ್ರ ಕಲಿತದ್ದು ನಿಜ. ಆದರೆ ಈ ಒಂದು ಸದ್ದನ್ನು ಗುರುತು ಹಿಡಿಯಲು ಹಾನಗಲ್ಲಿನಲ್ಲಿ ಟ್ಯಾಕ್ಸಿ ಓಡಿಸುವವನ ಮಗಳಾಗಿದ್ದರೆ ಸಾಕು.

ಅಪ್ಪನದು ಹಳೆಯ ಪೆಟ್ರೋಲ್ ಅಂಬಾಸಿಡರ್. ಅದರ ಬಣ್ಣ ಕರಿ ಎಂದು ಅಪ್ಪ ಹೇಳುತ್ತಿದ್ದ, ಮಿಕ್ಕವರು ಏನೂ ಹೇಳುತ್ತಿರಲಿಲ್ಲ. ಸೀಟಿನ ಕವರು ಹರಿದರೆ ಅವ್ವ ಹೊಲಿಯುತ್ತಿದ್ದಳು, ಟೈರು ಪಂಕ್ಚರಾದರೆ ಯಾರಾದರೂ ತೆಗೆಯುತ್ತಿದ್ದರು, ಆದರೆ ಟೈಮಿಂಗ್ ಮಾತ್ರ ಅಪ್ಪನೇ ಇಡಬೇಕು. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಎಂಜಿನ್ನಿನ ಪಿಸ್ಟನ್ ಪೆಟ್ರೋಲಿನ ಆವಿಯನ್ನು ಒತ್ತಿಕೊಂಡು ಮೇಲೆ ಹೋಗುತ್ತದೆ. ಅದು ತುದಿ ಮುಟ್ಟುವುದಕ್ಕೆ ತುಸು ಮೊದಲು ಕಿಡಿ ಹತ್ತಬೇಕು. ಕಿಡಿ ತಡವಾದರೆ ಗಾಡಿಗೆ ಕಸುವು ಇರುವುದಿಲ್ಲ. ತೀರ ಬೇಗ ಆದರೆ ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಗೇ ಪೆಟ್ಟು. ಆ ಪೆಟ್ಟಿನ ಸದ್ದೇ ಈ ಕಿಣಿಕಿಣಿ. ಬಹಳ ದಿನ ಹಾಗೇ ಬಿಟ್ಟರೆ ಎಂಜಿನ್ ಹಾಳು.

ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅಪ್ಪ ಕೂದಲೆಳೆಯಷ್ಟು ತಿರುಗಿಸಿ, ಶಿಗ್ಗಾಂವಿ ದಾರಿಯ ಒಂದು ಏರಿಗೆ ಹೋಗಿ, ಟಾಪ್ ಗೇರಿನಲ್ಲೇ ಗಾಡಿಯನ್ನು ಹತ್ತಿಸುತ್ತ ಕಿವಿ ಕೊಟ್ಟು ಕೂಡುತ್ತಿದ್ದ. ಏರಿನ ನಡುವೆ ಕಿಣಿ ಅಂದು ಮಾಯವಾಗಬೇಕು, ಅಷ್ಟೇ. ಕಿಣಿಕಿಣಿ ಜಾಸ್ತಿಯಾದರೆ ಹಿಂದಕ್ಕೆ ತಿರುಗಿಸಬೇಕು. ಏನೂ ಅನ್ನದಿದ್ದರೆ ಮುಂದಕ್ಕೆ. ಚಿಕ್ಕವಳಿದ್ದಾಗ ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂಡುತ್ತಿದ್ದೆ. ಮಾತಾಡಬಾರದೆಂಬ ನಿಯಮವಿತ್ತು. ನನಗಾಗಿ ಅದನ್ನು ಮಾಡಬೇಕಾಗಿರಲಿಲ್ಲ. ‘ನೀ ಮಾತಾಡಿದ್ರ ಇರಿವಿ ನಡದಂಗ’ ಎಂದು ಅವ್ವ ಅನ್ನುತ್ತಿದ್ದಳು. ಧಾರವಾಡದ ಹಾಸ್ಟೆಲ್ಲಿನಲ್ಲಿಯೂ ನನ್ನ ಹಾಜರಿ ಕೇಳಿಸದೆ ಗೈರುಹಾಜರಿ ಬಿದ್ದದ್ದುಂಟು.

ಎಂ.ಎಸ್ಸಿ. ಮುಗಿಸಿ ಮನೆಗೆ ಬಂದ ವರ್ಷ ಹಿರೇಕೆರೂರಿನ ಕಾಲೇಜಿನಲ್ಲಿ ಪಾಠ ಹೇಳಲು ಕರೆ ಬಂತು. ವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಅಲ್ಲಿಯೇ ಕೋಣೆ ಹಿಡಿದು ಒಬ್ಬಳೇ ಇರಬೇಕು. ಆಗ ನಮ್ಮ ಮಂದಿಯಲ್ಲಿ ಅದು ಸಣ್ಣ ಮಾತಲ್ಲ. ಅಪ್ಪ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ ಹೊತ್ತು ನೋಡಿ, ಹಿಂದೆ ನಿಂತು ಕೇಳಿದೆ: ‘ಅಪ್ಪಾ, ಹಿರೇಕೆರೂರಿಗೆ ಹೋಗ್ಲೇನು?’ ಅಪ್ಪ ಕಪ್ಪು ಕೆಳಗಿಟ್ಟು ಎದ್ದು ಹೋಗಿ ಟ್ಯಾಕ್ಸಿಯ ಗಾಜು ಒರೆಸತೊಡಗಿದ.

ಬೇಡ ಎಂದೇ ತಿಳಿದೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಗಾಜು ಒರೆಸುವವನೊಡನೆ ಏನು ವಾದ ಮಾಡುವುದು? ಆಮೇಲೆ ನೋಡಿದರೆ, ಒಂದೆರಡು ವರ್ಷದಿಂದ ರಜೆಗೆ ಬಂದಾಗಲೆಲ್ಲ ನನ್ನ ಮಾತಿಗೆ ಅಪ್ಪನ ಉತ್ತರ ಕಡಿಮೆಯಾಗುತ್ತ ಬಂದಿತ್ತು ಅನ್ನಿಸಿತು. ಇಷ್ಟು ಓದಿಸಿದ್ದು ಅವನಿಗೆ ಭಾರವಾಗಿದೆ ಎಂದು ನನ್ನಷ್ಟಕ್ಕೆ ಲೆಕ್ಕ ಬಿಡಿಸಿಕೊಂಡೆ. ಲೆಕ್ಕ ಬಿಡಿಸುವುದರಲ್ಲಿ ನಾನು ಗಟ್ಟಿ.

ಅದೇ ವಾರ ಸವಣೂರಿನಲ್ಲಿ ಅವ್ವನ ತಂಗಿಯ ಮಗಳ ಸೀಮಂತವಿತ್ತು. ಉಂಡಿಯ ಸ್ಟೀಲ್ ಡಬ್ಬಿ ಹಿಡಿದುಕೊಂಡು ಅವ್ವ, ಮುನಿಸು ಹಿಡಿದುಕೊಂಡು ನಾನು, ಟ್ಯಾಕ್ಸಿಯಲ್ಲಿ ಹೊರಟೆವು. ಶಿಗ್ಗಾಂವಿ ದಾರಿಯ ಅದೇ ಏರು ಬಂದಾಗ ಸದ್ದು ಶುರುವಾಯಿತು. ಕಿಣಿ ಅಂದು ಮಾಯವಾಗಲಿಲ್ಲ. ಕೆಳಗಿನಿಂದ ತುದಿಯವರೆಗೆ ಒಂದೇ ಸಮ ಕಿಣಿಕಿಣಿಕಿಣಿ.

‘ಇದರ ಮುಚ್ಚಳ ಸಡ್ಲ ಐತಿ ನೋಡು’ ಎಂದು ಅವ್ವ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ಸದ್ದು ನಿಲ್ಲಲಿಲ್ಲ. ಅಪ್ಪ ಮಾತ್ರ ಸ್ಟೇರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತ, ‘ನಿನ್ನೆ ಟೈಮಿಂಗ್ ಇಟ್ಟೇನಿ. ಹೆಂಗ ಎಳೀತೈತಿ ನೋಡ್ರಿ, ಎತ್ತು ಎಳದಂಗ’ ಅಂದ.

ಅವ್ವನನ್ನು ನೆಂಟರ ಮನೆಗೆ ಬಿಟ್ಟು, ಅಪ್ಪ ಗಾಡಿಯನ್ನು ತನ್ನ ದೋಸ್ತನ ಗ್ಯಾರೇಜಿಗೆ ತಿರುಗಿಸಿದ. ಹೆಂಗಸರು ಬಳೆ ತೊಡುವ ಹೊತ್ತಿನಲ್ಲಿ ‘ಮುಂದೇನು, ಮದುವಿ ಯಾವಾಗ’ ಎಂದು ಕೇಳುವುದನ್ನು ತಪ್ಪಿಸಿಕೊಳ್ಳಲು ನಾನೂ ಇಳಿಯಲಿಲ್ಲ. ದೋಸ್ತನೆಂದರೆ ಖಾದರ್ ಚಾಚಾ. ಇಬ್ಬರೂ ಒಂದು ಕಾಲಕ್ಕೆ ಸವಣೂರಿನ ವೀಳ್ಯದೆಲೆ ಒಯ್ಯುವ ಒಂದೇ ಲಾರಿಯ ಕ್ಲೀನರುಗಳು. ಗ್ಯಾರೇಜಿನ ಮುಂದಿನ ಏರು ಹತ್ತುವಾಗಲೇ ಚಾಚಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತಿದ್ದರು.

‘ಏನ್ಲೇ, ಸೀಮಂತ ನಿನ್ನ ಇಂಜಿನ್ನಿಗೇನು? ಬಳಿ ತೊಡಿಸಿಕೊಂಡು ಬಂದೀ?’

ಅಪ್ಪ ನಕ್ಕ. ಚಾಚಾ ನಗಲಿಲ್ಲ. ‘ನಗಬ್ಯಾಡ. ಕುಂದರು, ಮತ್ತೊಮ್ಮೆ ಏರಿಗೆ ಹೋಗೂಣು’ ಎಂದು ಬದಿಯ ಸೀಟು ಹತ್ತಿದರು. ನಾನು ಹಿಂದೆ, ಹಳೆಯ ನಿಯಮದಂತೆ ಉಸಿರು ಬಿಗಿಹಿಡಿದು.

ಸದ್ದು ಶುರುವಾದೊಡನೆ ಚಾಚಾ ಬೆರಳೆತ್ತಿದರು. ಅಪ್ಪ ದಾರಿ ನೋಡುತ್ತ ಓಡಿಸುತ್ತಲೇ ಇದ್ದ. ಏರು ಮುಗಿದು, ಸದ್ದು ನಿಂತು, ಚಾಚಾ ತಿರುಗಿ ಅವನ ಮುಖ ನೋಡಿದಾಗ ‘ಹೂಂ, ಬಂತು ಬಂತು’ ಅಂದ.

ಆಗ ಕನ್ನಡಿಯಲ್ಲಿ ಅಪ್ಪನ ಕಣ್ಣು ಕಂಡಿತು. ಅದು ದಾರಿಯ ಮೇಲಿರಲಿಲ್ಲ, ಚಾಚಾನ ಬಾಯಿಯ ಮೇಲಿತ್ತು. ನಾನು ನನ್ನ ಮಾಮೂಲಿ ದನಿಯಲ್ಲಿ ‘ಅಪ್ಪಾ’ ಅಂದೆ. ಅವನು ತಿರುಗಲಿಲ್ಲ. ಕಿವಿ ಸೋಲುವಾಗ ದಪ್ಪ ಸದ್ದು ಉಳಿದು ಸಣ್ಣ ಸದ್ದು ಮೊದಲು ಹೋಗುತ್ತದೆಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಿಣಿಕಿಣಿ ಕೇಳದ್ದರಿಂದಲೇ ಅಪ್ಪ ಟೈಮಿಂಗನ್ನು ಪ್ರತಿಸಲ ಇನ್ನಷ್ಟು ಮುಂದಕ್ಕೆ ತಿರುಗಿಸುತ್ತ ಬಂದಿದ್ದ. ಮತ್ತೆ, ಇರುವೆ ನಡೆದ ಹಾಗೆ ಮಾತಾಡುವ ಮಗಳು ಹಿಂದೆ ನಿಂತು ಏನು ಕೇಳಿದರೂ, ಗಾಜು ಒರೆಸಲು ಹೋಗುತ್ತಿದ್ದ. ನನಗೆ ದುಃಖವಾಗಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲು ಆದದ್ದು ಸಂತೋಷ: ಅಪ್ಪ ಬೇಡ ಅಂದಿರಲೇ ಇಲ್ಲ.

ಗ್ಯಾರೇಜಿಗೆ ಮರಳಿದ ಮೇಲೆ ಚಾಚಾನನ್ನು ಕೇಳಿದೆ: ‘ಬಲ್ಬ್ ಹಚ್ಚಿ ಟೈಮಿಂಗ್ ಇಡಾಕ ಬರೂದಿಲ್ಲೇನ್ರಿ ಚಾಚಾ?’

‘ಬರತೈತಿ ಬೇಟಿ. ಆದ್ರ ಅದು ಕಿವಿ ಇಲ್ಲದಾವ್ರ ಕೆಲಸ. ಬಲ್ಬ್ ಮುಟ್ಟಿದ್ರ ನಮ್ಮ ಉಸ್ತಾದ ಪಾನಾ ತಗೊಂಡು ಕೈಮ್ಯಾಲೆ ಬಡೀತಿದ್ದ, ಕೇಳು ನಿಮ್ಮಪ್ಪನ್ನ.’

ಅಪ್ಪ ನಕ್ಕ, ನಗು ಬರಬೇಕಾದ ಹೊತ್ತಿಗಿಂತ ತುಸು ತಡವಾಗಿ. ಚಾಚಾ ಅವನನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ಚಿಂದಿಯನ್ನು ಸುಮ್ಮನೆ ಮಡಚಿದರು, ಬಿಚ್ಚಿದರು. ಆಮೇಲೆ ಅಪ್ಪನ ಎದುರಿಗೆ ಹೋಗಿ ನಿಂತು, ಸಂತೆಯಲ್ಲಿ ಕೂಗುವವರಂತೆ ಹೇಳಿದರು:

‘ಖರೇ ಹೇಳ್ತೇನಿ, ಈಗೀಗ ನನ್ನ ಕಿವಿ ಮ್ಯಾಲೆ ನನಗ ಭರೋಸಾ ಇಲ್ಲಲೇ. ನಾನೂ ಬಲ್ಬ್ ಹಚ್ಚಾಕತ್ತೇನಿ. ಯಾರ ಮುಂದೂ ಹೇಳಬ್ಯಾಡ.’

‘ನಿನಗ ವಯಸ್ಸಾತು’ ಅಂದ ಅಪ್ಪ, ಬಲು ಸಮಾಧಾನದಿಂದ. ‘ಹಚ್ಚು, ಹಚ್ಚು. ನೋಡೂಣು ಅದೇನೈತಿ.’

ಸಣ್ಣ ಬಲ್ಬಿನ ಒಂದು ತಂತಿ ಡಿಸ್ಟ್ರಿಬ್ಯೂಟರಿಗೆ, ಇನ್ನೊಂದು ಎಂಜಿನ್ನಿನ ಮೈಗೆ. ಎಂಜಿನ್ ಓಡಬೇಕಾಗಿಲ್ಲ. ಚಾಚಾ ಪುಲ್ಲಿಯ ಮೇಲಿನ ಗುರುತನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿದರು. ನಾನು ಬಲ್ಬು ಹಿಡಿದೆ. ಅಪ್ಪ ಡಿಸ್ಟ್ರಿಬ್ಯೂಟರನ್ನು ಕೂದಲೆಳೆ ಕೂದಲೆಳೆಯಾಗಿ ತಿರುಗಿಸಿದ. ಕಿಡಿ ಹುಟ್ಟುವ ಜಾಗಕ್ಕೆ ಬಲ್ಬು ಫಕ್ಕನೆ ಹತ್ತಿತು. ಅಪ್ಪ ಹಿಂದಕ್ಕೆ ತಿರುಗಿಸಿ ಆರಿಸಿದ, ಮತ್ತೆ ಹತ್ತಿಸಿದ, ಮತ್ತೆ ಆರಿಸಿದ.

‘ಸಾಕ್ ಮಾಡ್ಲೇ, ದೀಪಾವಳಿ ಅಲ್ಲ ಇದು’ ಅಂದರು ಚಾಚಾ.

ಅಪ್ಪ ಪಾನಾದಿಂದ ಬೋಲ್ಟು ಬಿಗಿ ಮಾಡಿ ತಲೆಯೆತ್ತಿದ. ಬಾನೆಟ್ಟಿನ ಆಚೆ ಅವನು, ಈಚೆ ನಾನು, ಮುಖಾಮುಖಿ. ಒಪ್ಪಿಗೆ ತಿಳಿಸಲು ಮರುದಿನವೇ ಕಡೆ. ಪಕ್ಕದ ಅಂಗಡಿಯ ದರ್ಜಿ ಮಷಿನ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಅಲ್ಲಿಯವರೆಗೆ ಮನೆಯ ಮಾತನ್ನು ಹೊಸ್ತಿಲಾಚೆ ಆಡಿದವಳಲ್ಲ ನಾನು. ಹೊಟ್ಟೆಯಿಂದ ದನಿ ತೆಗೆದು ಕೂಗಿದೆ:

‘ಅಪ್ಪಾ, ಹಿರೇಕೆರೂರು ಕಾಲೇಜಿನಾಗ ನೌಕರಿ ಬಂದೈತಿ. ಅಲ್ಲೇ ಖೋಲಿ ಮಾಡಿಕೊಂಡು ಇರಬೇಕಾಗತೈತಿ. ಹೋಗ್ಲೇನು?’

ಅಪ್ಪ ಪಾನಾ ಹಿಡಿದವನು ಹಾಗೇ ನಿಂತ. ‘ಇದನ್ನ ಯಾಕ ಮೊದಲ ಹೇಳಲಿಲ್ಲ?’

‘ಸೋಮವಾರ ಹೇಳಿದ್ದೆ. ನೀ ಚಹಾ ಕುಡಿಯಾಕತ್ತಿದ್ದಿ.’

ಅಪ್ಪ ಚಾಚಾನ ಕಡೆ ನೋಡಿದ. ಚಾಚಾ ಬಲ್ಬಿನ ತಂತಿ ಸುತ್ತುವುದರಲ್ಲಿ ಮಗ್ನರಾಗಿದ್ದರು. ಅಪ್ಪನ ಕೈ ಮಾತ್ರ ಕಿವಿಯ ಹತ್ತಿರ ಹೋಗಿ, ತುರಿಸಿಕೊಂಡಂತೆ ಮಾಡಿ, ಕೆಳಗಿಳಿಯಿತು. ‘ಕೇಳಿಸಿರಲಿಕ್ಕಿಲ್ಲ ಬಿಡು’ ಅಂದ. ಪಾನಾ ಕೆಳಗಿಟ್ಟು, ‘ಈಗೀಗ ಕೇಳಿಸೂದಿಲ್ಲವ್ವಾ ನನಗ. ನೀನಂತೂ ಪೂರಾ ಕೇಳಿಸೂದಿಲ್ಲ’ ಅಂದ.

ಅಷ್ಟಕ್ಕೇ ನಿಲ್ಲಿಸದೆ ಅಪ್ಪನೇ ಕೈ ಒರೆಸಿಕೊಳ್ಳುತ್ತ ಮುಂದುವರಿಸಿದ: ‘ಹೋಗೂದು ಯಾವಾಗ? ಗಾದಿ, ಸ್ಟೋವು, ನಿನ್ನ ಪುಸ್ತಕದ ಟ್ರಂಕು, ಎಲ್ಲಾ ಡಿಕ್ಕಿಯಾಗ ಹಿಡಿಸ್ತಾವ. ನಾ ಬಿಟ್ಟು ಬರ್ತೇನಿ.’

‘ಒಬ್ಬಾಕಿನ್ನ ಕಳಸ್ತೀರೇನ್ರಿ?’ ಎಂದ ದರ್ಜಿ.

‘ನೀ ಕಾಜಾ ಹೊಲಿ’ ಅಂದರು ಚಾಚಾ.

ನಾವು ಸೀಮಂತದ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ‘ಊರಿಗೆಲ್ಲಾ ಕೂಗಿ ಹೇಳಿದಿಯಂತ?’ ಎಂದಳು ಅವ್ವ. ಅವಳ ಮುಖದಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು. ನನ್ನ ಬಾಯಿಗೆ ಒಂದು ಉಂಡಿ ತುರುಕಿದಳು.

ಇದಾಗಿ ಕೆಲವು ವರ್ಷಗಳಾದವು. ಅಪ್ಪ ಈಗಲೂ ಓಡಿಸುತ್ತಾನೆ, ಆದರೆ ಹಗಲು ಹೊತ್ತು, ಗೊತ್ತಿದ್ದ ದಾರಿಯಲ್ಲಿ ಮಾತ್ರ. ನನ್ನ ತರಗತಿಯ ಕೊನೆಯ ಬೆಂಚಿನವರು ನನ್ನ ಪಾಠ ಕೇಳಿಸುವುದಿಲ್ಲವೆಂದು ದೂರಿದ್ದಿಲ್ಲ, ಜೋರಾಯಿತೆಂದು ದೂರಿದ್ದುಂಟು.

ಇಂದು ಮಧ್ಯಾಹ್ನ ಊಟಕ್ಕೆ ಅಪ್ಪ, ಅವ್ವ ಬರುತ್ತಾರೆ. ಅಪ್ಪನಿಗೆ ಹೇಳಬೇಕಾದ ಒಂದು ಮಾತಿದೆ. ಒಬ್ಬರ ವಿಷಯ, ಕೆಲವು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದೇನೆ. ಪತ್ರ ಬರೆದಿದ್ದರೆ ಸುಲಭವಿತ್ತು, ಬರೆಯಲಿಲ್ಲ. ಎದುರಿಗೆ ಕೂತು, ಅವನ ಕಣ್ಣು ನೋಡುತ್ತ, ಗಟ್ಟಿಯಾಗಿಯೇ ಹೇಳುತ್ತೇನೆ. ಅದೇನೆಂದು ನಿಮಗೆ ಇಲ್ಲಿ ಬರೆಯಲಾರೆ. ಅಷ್ಟರಮಟ್ಟಿಗೆ ನಾನು ಬದಲಾಗಿಲ್ಲ. ಬೇಕಾದರೆ ಸಂಜೆಯ ಮೇಲೆ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ.